ಕಲಿಸಿದ ಪದವನ್ನು ವಾಪಸ್ ಕೇಳಲು ಹೊರಟವರು

ಹೋದ ತಿಂಗಳು ನಮ್ಮ ಇಂಗ್ಲಿಷ್ ಸರ್ ತೀರಿಕೊಂಡರು. ಕೊಟ್ಟೂರಿನಲ್ಲಿ ಅವರು ಕಲಿಸಿದ ಶಾಲೆಯಲ್ಲೇ ಸಂತಾಪ ಸಭೆ ಇಟ್ಟಿದ್ದರು. ಸಂತಾಪ ಸಭೆಗೆ ಜನ ಸಪ್ಪೆ ಮುಖ ಮಾಡಿಕೊಂಡು ಬರುತ್ತಾರೆ, ಎರಡನೆಯ ಭಾಷಣದ ಹೊತ್ತಿಗೆ ಕಾಲು ಚಾಚುತ್ತಾರೆ, ಮೂರನೆಯದಕ್ಕೆ ನಗಲು ಶುರುಮಾಡುತ್ತಾರೆ. ಇಲ್ಲೂ ಹಾಗೇ ಆಯಿತು. ಮೈಕಿನ ಮುಂದೆ ಬಂದ ಹಳೆಯ ವಿದ್ಯಾರ್ಥಿಗಳೆಲ್ಲ, ಮೊದಲೇ ಮಾತಾಡಿಕೊಂಡು ಬಂದವರ ಹಾಗೆ, ಬಿಸೀಚ್ ಕಥೆಯನ್ನೇ ಹೇಳಿದರು. ಸಭೆ ಗೊಳ್ಳೆಂದಿತು. ಕೊನೆಗೆ ನನ್ನನ್ನೂ ಕರೆದರು. ‘ಸರ್ ನಮಗೆ ಪ್ರೀತಿಯಿಂದ ಕಲಿಸಿದರು’ ಎಂದಷ್ಟೇ ಹೇಳಿ ಬಂದು ಕೂತೆ. ಹೇಳುವುದು ಬೇರೆ ಇತ್ತು. ಆದರೆ ಅಷ್ಟು ಜನ ನಕ್ಕು ಹಗುರಾಗಿದ್ದಾಗ ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ಮನೆಗೆ ಬಂದ ಮೇಲೂ ಮನಸ್ಸು ಮುದುಡಿಕೊಂಡೇ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಬಿಸೀಚ್ ಎಂಬುದು ಇಂಗ್ಲಿಷಿನ ಒಂದು ಹಳೆಯ ಕ್ರಿಯಾಪದ. ಈಗ ಅದನ್ನು ಯಾರೂ ಆಡುವುದಿಲ್ಲ, ಕಚೇರಿಗೆ ಯಾರೂ ಬರೆಯುವುದಿಲ್ಲ. ಆದರೆ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಸುತ್ತಿನಲ್ಲಿ ನಮ್ಮ ಸರ್ ಕೈಯಲ್ಲಿ ಓದಿದವರು ಒಂದು ದಿನದ ಜ್ವರದ ರಜೆಗೂ ಅದನ್ನೇ ಬರೆದರು. ‘ಐ ಬಿಸೀಚ್ ಯು ಸರ್, ಟು ಗ್ರಾಂಟ್ ಮಿ ಲೀವ್.’ ಅಕ್ಕನ ಮದುವೆಗೂ ಬಿಸೀಚ್, ಬಸ್ ಪಾಸಿಗೂ ಬಿಸೀಚ್, ಸೈಕಲ್ ಕಳೆದುಹೋದರೆ ಪೊಲೀಸರಿಗೂ ಬಿಸೀಚ್. ಬಳ್ಳಾರಿಯ ಕಚೇರಿಗಳಲ್ಲಿ ಅರ್ಜಿಯ ವಿಳಾಸ ನೋಡುವ ಮೊದಲೇ ‘ಇದು ಕೊಟ್ಟೂರು ಕಡೆಯ ಪೈಕಿ’ ಎನ್ನುತ್ತಿದ್ದರಂತೆ. ಸಭೆಯಲ್ಲಿ ಎಲ್ಲರೂ ಹೇಳಿ ನಗಿಸಿದ್ದು ಇದನ್ನೇ. ಅವರಿಗೆ ಕಥೆ ಅಲ್ಲಿಗೆ ಮುಗಿಯುತ್ತದೆ.

ಸರ್ ಕೂಡ್ಲಿಗಿ ಕಡೆಯ ಒಂದು ಹಟ್ಟಿಯವರು, ಕುರಿ ಸಾಕುವ ಮನೆ. ಅಣ್ಣಂದಿರೆಲ್ಲ ಕುರಿಯ ಹಿಂದೆ ಹೋದರು. ಇವರೊಬ್ಬರು ಪಾದ್ರಿಗಳು ನಡೆಸುತ್ತಿದ್ದ ಹಾಸ್ಟೆಲಿನಲ್ಲಿದ್ದು ಓದಿದರು. ಎತ್ತರದ ಆಳು. ಹೊಲಿಸಿಕೊಂಡ ಪ್ಯಾಂಟು ಎಂದೂ ಕಣಕಾಲು ಮುಟ್ಟುತ್ತಿರಲಿಲ್ಲ. ಚಳಿಗಾಲದ ಬೆಳಗಿನಲ್ಲಿ ಕಂಬಳಿ ಹೊದ್ದೇ ಶಾಲೆಗೆ ಬರುತ್ತಿದ್ದರು, ಇನ್‌ಸ್ಪೆಕ್ಟರ್ ಬರುವ ದಿನ ಕಂಬಳಿಯ ಒಳಗೆ ಟೈ ಇರುತ್ತಿತ್ತು. ಯಾರಾದರೂ ನಕ್ಕರೆ, “ಟೈ ಇಂಗ್ಲಿಷಿಗೆ, ಕಂಬಳಿ ಚಳಿಗೆ. ಎರಡಕ್ಕೂ ಅದರದರ ಕೆಲಸ ಐತಿ,” ಎನ್ನುತ್ತಿದ್ದರು. ಇಂಗ್ಲಿಷಿನ ಬಗ್ಗೆ ಅವರ ಇನ್ನೊಂದು ಮಾತು ನಮಗೆಲ್ಲ ಬಾಯಿಪಾಠ. “ಇಂಗ್ಲಿಷ್ ಅಂದ್ರ ಪ್ಯಾಟಿ ನೆಂಟ. ಬಂದಾಗ ಕುರ್ಚಿ ಕೊಡ್ರಿ, ಚಾ ಕೊಡ್ರಿ. ಹೊಲ ಬರಕೊಡಬ್ಯಾಡ್ರಿ.”

ಅವರು ತರಗತಿಯಲ್ಲಿ ಹಾಜರಿ ಕೂಗುತ್ತಿರಲಿಲ್ಲ. ಕುರಿಯನ್ನು ಎಣಿಸಬಾರದು, ಎಣಿಸಿದರೆ ಕಡಿಮೆಯಾಗುತ್ತವೆ ಎಂದು ಅವರ ಮನೆಯಲ್ಲಿ ನಂಬಿಕೆ. ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದರೆ ಯಾವುದು ಬಂದಿಲ್ಲ ಎಂದು ತಿಳಿಯುತ್ತದಂತೆ. ನಮ್ಮನ್ನೂ ಹಾಗೇ ನೋಡುತ್ತಿದ್ದರು. ಬಾಗಿಲಲ್ಲಿ ನಿಂತು ಒಮ್ಮೆ ನೋಡಿ, “ಕಿಡಕಿ ಬಾಜೂಕ ಕುಂದ್ರಾಕಿ ಬಂದಿಲ್ಲ. ನಿನ್ನೀನೂ ಕೆಮ್ಮತಿದ್ಲು. ಯಾರಾರ ಸಂಜಿ ಮುಂದ ಹೋಗಿ ನೋಡಿ ಬರ್ರಿ,” ಎಂದು ಪಾಠ ಶುರುಮಾಡುತ್ತಿದ್ದರು. ಮುಖ್ಯೋಪಾಧ್ಯಾಯರು ಬಂದು ಹಾಜರಿ ಪುಸ್ತಕ ತೋರಿಸಿ ಬೈದರೆ, ಒಪ್ಪಿಕೊಂಡು, ಅವರು ಹೋದ ಮೇಲೆ ಎಲ್ಲರಿಗೂ ಒಂದೇ ಸಲಕ್ಕೆ ಗುರುತು ಹಾಕಿ ಮುಗಿಸುತ್ತಿದ್ದರು. ನನ್ನ ಇಷ್ಟು ವರ್ಷದ ಟೀಚರ್ ಕೆಲಸದಲ್ಲಿ ಹಾಗೆ ಮಕ್ಕಳನ್ನು ನೋಡುವ ಕಣ್ಣು ನನಗೆ ಬರಲಿಲ್ಲ. ನಾನು ಈಗಲೂ ಹೆಸರು ಕೂಗುತ್ತೇನೆ.

ಬಿಸೀಚ್ ಪಾಠ ಒಂಬತ್ತನೆಯ ತರಗತಿಯಲ್ಲಿ, ಪತ್ರಲೇಖನದ ಜೊತೆಗೆ ಬರುತ್ತಿತ್ತು. ಬೇರೆ ಶಾಲೆಗಳಲ್ಲಿ ಅರ್ಜಿಗೆ ‘ಐ ಬೆಗ್’ ಎಂದು ಕಲಿಸುತ್ತಿದ್ದರು. ಸರ್‌ಗೆ ಆ ಪದ ಕಂಡರೆ ಆಗುತ್ತಿರಲಿಲ್ಲ.

“ಆಸ್ಕ್ ಅಂದ್ರ ಗೆಳ್ಯಾನ ಹತ್ರ ಕೇಳೂದು,” ಎಂದು ಸುಮ್ಮನೆ ಕೈ ಚಾಚುತ್ತಿದ್ದರು. “ರಿಕ್ವೆಸ್ಟ್ ಅಂದ್ರ ಗುರುತು ಇಲ್ಲದವರ ಹತ್ರ ಕೇಳೂದು.” ಕೈ ಜೋಡಿಸುತ್ತಿದ್ದರು. “ಬೆಗ್ ಅಂದ್ರ ಭಿಕ್ಷಾ ಬೇಡೂದು. ಕೈಕಾಲು ಗಟ್ಟಿ ಇದ್ದವರು ನೀವು, ನೀವ್ಯಾಕ ಭಿಕ್ಷಾ ಬೇಡ್ತೀರಿ? ಬರೀಬ್ಯಾಡ್ರಿ ಅದನ್ನ. ಬಿಸೀಚ್ ಅಂತ ಬರೀರಿ. ಅದು ಮರ್ಯಾದಿ ಇರೋ ಮಾತು. ನಮ್ಮ ಹಾಸ್ಟೆಲಿನ್ಯಾಗ ದಿನಾ ಬೆಳಿಗ್ಗಿ ದೇವರಿಗೆ ಹಂಗ ಹೇಳತಿದ್ವಿ. ದೇವರಿಗೆ ನಡಿಯೋ ಮಾತು ತಹಶೀಲ್ದಾರಗ ನಡಿಯಂಗಿಲ್ಲೇನು?”

ನಮಗೆ ನಡೆಯುತ್ತದೆ ಎಂದೇ ಅನ್ನಿಸಿತು. ಜೊತೆಗೆ ಅವರು ಇನ್ನೊಂದು ಮಾತು ಸೇರಿಸುತ್ತಿದ್ದರು. “ಕನ್ನಡದ ಅರ್ಜಿ ಕಟ್ಟಿನಾಗ ಹೋಗತೈತಿ. ಇಂಗ್ಲಿಷಿನ ಅರ್ಜಿ ಟೇಬಲ್ ಮ್ಯಾಲ ಉಳೀತೈತಿ. ಅಗದಿ ಬೇಕಾದ ಕೆಲಸ ಇದ್ದಾಗ ಇಂಗ್ಲಿಷಿನ್ಯಾಗ ಬರೀರಿ.” ಕೂಲಿಯವರ, ಒಕ್ಕಲಿಗರ ಮನೆಯ ಮಕ್ಕಳು ನಾವು. ಕಚೇರಿಯ ಟೇಬಲ್ಲನ್ನು ಯಾರೂ ಹತ್ತಿರದಿಂದ ನೋಡಿರಲಿಲ್ಲ. ನಮ್ಮ ಒಂದು ಕಾಗದ ಅದರ ಮೇಲೆ ಉಳಿಯುತ್ತದೆ ಎಂಬುದೇ ಹೆಮ್ಮೆಯಾಗಿತ್ತು.

ಇದೆಲ್ಲ ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಆಮೇಲೆ ನಾನು ಟಿ.ಸಿ.ಎಚ್. ಮುಗಿಸಿ, ಕೊಟ್ಟೂರಿನಲ್ಲೇ ಪ್ರಾಥಮಿಕ ಶಾಲೆಗೆ ಟೀಚರಾದೆ, ಮದುವೆಯಾದೆ. ಸರ್ ದಾರಿಯಲ್ಲಿ ಸಿಕ್ಕರೆ ಸೈಕಲ್ ಇಳಿದು ಮಾತಾಡಿಸುತ್ತಿದ್ದರು. ಮನೆಗೆ ಮಾತ್ರ ಬಂದವರಲ್ಲ. ಅವರು ಯಾರ ಮನೆಗೂ ಹೋಗುತ್ತಿರಲಿಲ್ಲ, ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಪಕ್ಕದ ಮನೆಯಿಂದ ಏಣಿ ತರಬೇಕಾದರೂ ಹೆಂಡತಿಯನ್ನು ಕಳಿಸುತ್ತಿದ್ದರು. ಹೀಗಿದ್ದವರು, ನಿವೃತ್ತಿಗೆ ಇನ್ನೊಂದು ವರ್ಷವಿದೆ ಎನ್ನುವಾಗ, ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂತಿದ್ದರು. ನಾನು ನೀರು ಚೆಲ್ಲಲು ಬಾಗಿಲು ತೆರೆದಾಗಲೇ ನೋಡಿದ್ದು.

“ಒಳಗ ಬರ್ರಿ ಸರ್,” ಎಂದೆ.

“ಬ್ಯಾಡವ್ವ. ಇಲ್ಲೇ ಚೊಲೋ ಐತಿ. ಒಂದು ಮಾತು ಕೇಳಾಕ ಬಂದೆ. ನೀ ಈಚೀಚಿಗೆ ಯಾವುದಾರ ಆಫೀಸಿಗೆ ಇಂಗ್ಲಿಷ್ ಅರ್ಜಿ ಬರದೀಯೇನು?”

“ಇಲ್ರಿ. ಯಾಕ್ರಿ?”

ಸರ್ ತಲೆ ತಗ್ಗಿಸಿ ಚಪ್ಪಲಿಯ ಉಂಗುಟ ಸರಿಮಾಡಿಕೊಂಡರು. ಆಮೇಲೆ ಹೇಳಿದರು. ಹೊಸಪೇಟೆಯಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಇತ್ತು. ಕಲಿಸಲು ಒಬ್ಬ ಯುವಕ ಬಂದಿದ್ದ.

“ಭಾಳ ಶಾಣ್ಯಾ ಹುಡುಗ,” ಎಂದರು. “ಯಾವುದೋ ಆಫೀಸಿನ್ಯಾಗಿಂದ ಅರ್ಜಿ ಹಿಡಕಂಡು ಬಂದಿದ್ದ. ಹೆಂಗ ಬರೀಬಾರದು ಅಂತ ತೋರಸಾಕ. ಹೆಸರು ಓದ್ಲಿಲ್ಲ, ಊರು ಓದ್ಲಿಲ್ಲ. ಬರೇ ಕಡೀ ಸಾಲು ಓದಿದ. ಐ ಬಿಸೀಚ್ ಯು ಸರ್, ಐ ಬಿಸೀಚ್ ಯು. ಎರಡ ಸಲ ಇತ್ತು. ಯಾವ ಕಾಲದ ಮನುಷ್ಯ ಇಂವ, ಆಫೀಸರನ ಮುಂದ ನಾಟಕ ಆಡಾಕ ಬಂದಾನೇನು ಅಂದ. ಇಡೀ ರೂಮು ನಕ್ಕಿತು.”

“ನಗಲಿ ಬಿಡ್ರಿ ಸರ್,” ಎಂದೆ.

“ನಾನೂ ನಕ್ಕೆ,” ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ನಕ್ಕರೆ ಏನಾಯಿತು, ಎಲ್ಲರೂ ನಗುವಾಗ ನಗು ಬರುತ್ತದೆ ಎಂದು ಸಮಾಧಾನ ಹೇಳಲು ಹೋದೆ. ಅವರು ಕೈ ಅಡ್ಡ ಮಾಡಿದರು.

“ನಗು ಬಂದು ನಕ್ಕಿದ್ದಲ್ಲವ್ವ. ನಾ ಒಬ್ಬನ ನಗಲಿಲ್ಲ ಅಂದ್ರ, ಕಲಿಸಿದಾವ ಇವನ ಅಂತ ತಿಳದೀತು ಅಂತ ನಕ್ಕೆ. ಕುರಿಯ ಕಿವಿಗೆ ಗುರುತು ಕತ್ತರಿಸಿರತೀವಿ ನೋಡು, ಒಬ್ಬೊಬ್ಬರ ಮನೀದು ಒಂದೊಂದು ಗುರುತು. ಆ ಪದ ಕೇಳಿದ ಕೂಡ್ಲೆ ಇದು ನನ್ನ ಕುರಿ ಅಂತ ಗೊತ್ತಾತು. ಗೊತ್ತಾಗೇ ನಕ್ಕೆ.”

ಆಮೇಲೆ ಆ ಯುವಕನನ್ನು ಊಟದ ಹೊತ್ತಿನಲ್ಲಿ ಬದಿಗೆ ಕರೆದು, ಯಾರೋ ಪರಿಚಯದವರು ಕೇಳಿದ್ದಾರೆ ಎಂಬ ಹಾಗೆ ಆ ಪದದ ಅರ್ಥ ಕೇಳಿದರಂತೆ. ಅವನು ಪಾಪ, ಗೌರವದಿಂದಲೇ ಹೇಳಿದ್ದಾನೆ. ಅದು ಹಳೆಯ ಮಾತು ಸರ್, ಪ್ರಾರ್ಥನೆಯಲ್ಲಿ ಬರುತ್ತದೆ, ಹಳೆಯ ನಾಟಕಗಳಲ್ಲಿ ಬರುತ್ತದೆ. ಬೆಗ್ ಎಂಬುದಕ್ಕಿಂತ ಒಂದು ಕೈ ಹೆಚ್ಚು. ಕಾಲು ಹಿಡಿದುಕೊಂಡು ಗೋಗರೆದ ಹಾಗೆ. ಆ ಅರ್ಜಿ ಯಾರದು ಎಂದರೆ ಅವನಿಗೂ ಗೊತ್ತಿರಲಿಲ್ಲ, ಯಾರೋ ಗೆಳೆಯ ನಗಲೆಂದು ಕೊಟ್ಟದ್ದಂತೆ.

“ಮನಿಗೆ ಬಂದು ಡಿಕ್ಷನರಿ ತಗದೆ,” ಎಂದರು ಸರ್. “ಆ ಪದದ ಮುಂದ ಸಣ್ಣಕ್ಕರದಾಗ ಆರ್ಚ್ ಅಂತ ಐತಿ. ಅದನ್ನ ನಾ ಇಪ್ಪತ್ತು ವರ್ಷದಿಂದ ನೋಡೀನಿ. ನಮ್ಮ ಹಾಸ್ಟೆಲಿಗೆ ಆರ್ಚ್‌ಬಿಷಪ್ ಬರತಿದ್ರು. ಆರ್ಚ್ ಅಂದ್ರ ದೊಡ್ಡದು, ಎಲ್ಲಾದಕ್ಕೂ ಮ್ಯಾಲಿಂದು ಅಂತ ತಿಳಕಂಡಿದ್ದೆ. ಹಂಗಾರ ಇದು ದೊಡ್ಡ ಕ್ರಿಯಾಪದ ಇರಬೇಕು ಅಂತ. ಮೊದಲ ಪುಟದಾಗ ಅದರ ಅರ್ಥ ಕೊಟ್ಟಿರತಾರ, ಅದನ್ನ ಎಂದೂ ತಗದು ನೋಡಿದ್ದಿಲ್ಲ. ಈಗ ನೋಡಿದೆ. ಆರ್ಚ್ ಅಂದ್ರ ಆರ್ಕೇಯಿಕ್ ಅಂತ. ಸತ್ತ ಮಾತು ಅಂತ.”

ಒಳಗಿದ್ದ ನನ್ನ ಗಂಡ ಇದನ್ನು ಕೇಳಿಸಿಕೊಂಡು ಫಕ್ಕನೆ ನಕ್ಕುಬಿಟ್ಟರು. ನನ್ನ ಮುಖ ಉರಿದುಹೋಯಿತು. ಸರ್ ಮಾತ್ರ ಅದನ್ನು ಬರಬೇಕಾದ್ದೇ ಬಂತು ಎಂಬಂತೆ ತೆಗೆದುಕೊಂಡರು.

“ನಮ್ಮವ್ವ, ಕುರಿಗೆ ಬ್ಯಾನಿ ಬಂದಾಗ ದೇವರ ಮುಂದ ಉಡಿ ಒಡ್ಡಿ ಅಳತಿದ್ಲು,” ಎಂದರು. “ಅದಕ್ಕ ಬಿಸೀಚ್ ಅಂತಾರ. ನಿಮಗ ಭಿಕ್ಷಾ ಬೇಡಬ್ಯಾಡ್ರಿ ಅಂತ ಹೇಳಿ, ಉಡಿ ಒಡ್ಡಾಕ ಕಲಿಸೀನಿ ನೋಡು ನಾನು.”

ಅವರು ಬಂದ ಕೆಲಸ ಇದು. ನಗಿಸಿಕೊಂಡ ಆ ಅರ್ಜಿ ಯಾರದೆಂದು ಗೊತ್ತಿಲ್ಲ. ಆದ್ದರಿಂದ ಸಿಕ್ಕಷ್ಟು ಹಳೆಯ ವಿದ್ಯಾರ್ಥಿಗಳ ಮನೆಗೆ ಹೋಗಬೇಕು. ಆ ಪದವನ್ನು ಇನ್ನು ಬರೆಯಬೇಡಿ ಎಂದು ಹೇಳಬೇಕು. ಬರೆದವರು ಸಿಕ್ಕರೆ, ‘ನಾನೂ ನಕ್ಕೆ’ ಎಂದು ಸರ್ ಒಪ್ಪಿಕೊಳ್ಳಬೇಕು. ಗಂಡುಹುಡುಗರ ಮನೆಗೆ ತಾವೇ ಹೋಗುತ್ತಾರೆ. ಹೆಣ್ಣುಮಕ್ಕಳ ಅತ್ತೆಮನೆಗಳಿಗೆ ಒಬ್ಬರೇ ಹೋದರೆ ಚೆನ್ನಾಗಿ ಕಾಣುವುದಿಲ್ಲ.

“ನೀ ಜತಿಗೆ ಬರಬೇಕವ್ವ,” ಎಂದರು. ಅಷ್ಟು ಹೇಳಿ ನಿಲ್ಲಿಸಿ, “ಹೆಂಗ ಕೇಳಬೇಕೋ ತಿಳೀವಲ್ದು ನನಗ ಈಗ,” ಎಂದರು.

ಬರುತ್ತೇನೆ ಎಂದೆ. ಮನಸ್ಸಿನಲ್ಲಿ ಮಾತ್ರ, ಮುದುಕರಿಗೆ ಏನೋ ತಲೆಗೆ ಹತ್ತಿದೆ, ಎರಡು ವಾರ ತಿರುಗಿದರೆ ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ. ಕೊಟ್ಟೂರಿನಲ್ಲಿ ಮಾತು ಹಬ್ಬಿತು. ಇಂಗ್ಲಿಷ್ ಸರ್ ಕಲಿಸಿದ್ದನ್ನೆಲ್ಲ ವಾಪಸ್ ತಗೋತಾರಂತೆ, ನಮ್ಮ ಮಾರ್ಕ್ಸ್ ಕಾರ್ಡೂ ಕೊಡಬೇಕೇನೋ ಎಂದು ಹೋಟೆಲಿನಲ್ಲಿ ಕೂತವರು ಆಡಿಕೊಂಡರು. ಸರ್ ಹೆಂಡತಿ ನನ್ನೆದುರೇ ಅವರಿಗೆ ಹೇಳಿದರು. “ಉಗುಳಿದ್ದನ್ನ ಯಾರಾರ ಎತ್ತಿಕೊಳ್ಳಾಕ ಹೋಗ್ತಾರೇನು? ಮಂದಿ ಅದನ್ನ ಎಂದೋ ಮರತಾರ. ನೀವ ನೆಪ್ಪು ಮಾಡಿಕೊಟ್ಟು ನಗಿಸಿಕೊಳ್ಳಾಕ ಹೊಂಟೀರಿ.” ಅವರ ಮಾತೂ ಸುಳ್ಳಾಗಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ಸರ್ ಮುಚ್ಚುಮರೆಯಿಲ್ಲದೆ ಇದ್ದುದನ್ನು ಇದ್ದ ಹಾಗೆ ಹೇಳಿಬಿಡುತ್ತಿದ್ದರು. ನಾನು ಸೆರಗು ಎಳೆದುಕೊಂಡು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದೆ.

ಉಜ್ಜಿನಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಣ್ಣುಮಗಳೊಬ್ಬಳ ಬಳಿ ಹೋದೆವು, ನನಗಿಂತ ಹಿರಿಯಳು. ತಲೆ, ಹುಬ್ಬು ಎಲ್ಲ ಬೆಳ್ಳಗೆ ಮಾಡಿಕೊಂಡು ಹೊರಬಂದು ಗಿರಣಿಯ ಸದ್ದಿಗೆ ಮೇಲಾಗಿ ಕೂಗಿದಳು. “ಸರ್, ನಾ ಇಂಗ್ಲಿಷಿನ್ಯಾಗ ಅರ್ಜಿ ಬರಿಯಂಗಿದ್ರ ಗಿರಣಿಯಾಗ ಯಾಕಿರತಿದ್ದೆ? ನೀವು ಕಲಿಸಿದ್ದರಾಗ ಒಂದೂ ಖರ್ಚಾಗಿಲ್ಲ. ಹಂಗ ಐತಿ, ಬೇಕಾದ್ರ ಪೂರಾ ಒಯ್ರಿ.” ಸರ್ ಕೂಡ ನಕ್ಕರು. ಹೊಟ್ಟೆ ತುಂಬ ಮಂಡಕ್ಕಿ ತಿನ್ನಿಸಿ ಕಳಿಸಿದಳು.

ದಾರಿಯಲ್ಲಿ ಸಿಕ್ಕ ಗಂಡುಹುಡುಗರನ್ನೂ ಸರ್ ಬಿಡಲಿಲ್ಲ. ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ ಅವರ ಹಳೆಯ ಶಿಷ್ಯನೊಬ್ಬ ಕಂಡಕ್ಟರ್ ಸಿಕ್ಕ. ಅವನು ಪೂರ್ತಿ ಕೇಳುವ ಮೊದಲೇ ಗಾಬರಿಯಾದ. “ಅದೊಂದು ತಗೀಬ್ಯಾಡ್ರಿ ಸರ್. ನಮ್ಮ ಮ್ಯಾನೇಜರ್‌ಗ ಆ ಪದ ಅಂದ್ರ ಭಾಳ ಇಷ್ಟ. ಅದಿಲ್ಲ ಅಂದ್ರ ನನಗ ರಜಾ ಹುಟ್ಟಂಗಿಲ್ಲ.” ಹಲವಾಗಲಿನಲ್ಲಿ ಹೊಳೆದಂಡೆಯ ಹೊಲದಲ್ಲಿ ಸಿಕ್ಕವನು ಹತ್ತನೆಯ ತರಗತಿಯಲ್ಲಿ ಫೇಲಾದವನು. ಇಂಗ್ಲಿಷಿನಲ್ಲಿ ಅವನ ಬಳಿ ಉಳಿದದ್ದು ಅದೊಂದೇ ಪದ. ಬೆಳಿಗ್ಗೆ ಹೆಂಡತಿಯನ್ನು ಎರಡನೆಯ ಚಹಾ ಕೇಳಲು ಇಟ್ಟುಕೊಂಡಿದ್ದ. “ಆಕೀಗೂ ಅರ್ಥ ಆಗತೈತ್ರಿ,” ಎಂದ. ಸರ್ ಅವನಿಗೆ ಬೇಡ ಎನ್ನಲಿಲ್ಲ. “ಅಂವ ಸರಿಯಾಗಿ ಬಳಸ್ಯಾನ,” ಎಂದು ದಾರಿಯಲ್ಲಿ ನನಗೆ ಹೇಳಿದರು.

ಹೀಗೆ ಎಲ್ಲೆಡೆ ನಗುವೇ. ಯಾರೂ ಸರ್ ಮೇಲೆ ಸಿಟ್ಟಾಗಲಿಲ್ಲ, ಯಾರೂ ಅರ್ಜಿ ತನ್ನದು ಎನ್ನಲಿಲ್ಲ. ನನಗೂ ಆ ಸುತ್ತಾಟದ ರುಚಿ ಹತ್ತಿತ್ತು. ಹೋದಲ್ಲೆಲ್ಲ ಚಹಾ, ಹಳೆಯ ಮಾತು, ಬರುವಾಗ ಚೀಲದಲ್ಲಿ ಬದನೆಕಾಯಿ. ಸರ್‌ಗೆ ಮಾತ್ರ ರುಚಿಸುತ್ತಿರಲಿಲ್ಲ. ಪ್ರತಿ ಮನೆಯಿಂದ ಹೊರಬಿದ್ದಾಗ, “ಇವರದೂ ಅಲ್ಲ,” ಎನ್ನುತ್ತಿದ್ದರು. ಆ ಅರ್ಜಿ ಸಿಗದಿದ್ದರೇ ಒಳ್ಳೆಯದಲ್ಲವೇ ಸರ್ ಎಂದು ಒಮ್ಮೆ ಕೇಳಿದೆ. “ಕಳಕಂಡ ಕುರಿ ಸಿಗೂದು ಬ್ಯಾಡ ಅಂತಾರೇನವ್ವ?” ಎಂದರು.

ಸಿಕ್ಕಿದ್ದು ಹಡಗಲಿ ತಾಲ್ಲೂಕಿನ ಇಟ್ಟಿಗಿಯಲ್ಲಿ. ಅಲ್ಲಿಂದ ಬಂದ ಮೇಲೆ ಸರ್ ಮತ್ತೆ ಯಾರ ಮನೆಗೂ ಹೋಗಲಿಲ್ಲ. ಕೊಟ್ಟೂರಿನವರು, ಹುಚ್ಚು ಬಿಟ್ಟಿತು ಎಂದರು. ಇಟ್ಟಿಗಿಯಲ್ಲಿ ಏನಾಯಿತೆಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅಲ್ಲಿದ್ದವಳು ನನಗಿಂತ ಎರಡು ವರ್ಷ ಮುಂದೆ ಓದಿದವಳು, ನನ್ನ ಹಾಗೇ ಪ್ರಾಥಮಿಕ ಶಾಲೆಯ ಟೀಚರು. ಶಾಲೆಯಲ್ಲಿದ್ದಾಗ ಮಾತು ಕಡಿಮೆ, ಅಕ್ಷರ ಮುತ್ತಿನಂಥವು. ಅದು ಅವಳ ಅತ್ತೆಯ ಮನೆ. ಪಡಸಾಲೆಯಲ್ಲಿ ಸರ್‌ಗೆ ಕುರ್ಚಿ ಹಾಕಿದಳು, ನನಗೆ ಚಾಪೆ. ತಾನು ಕಂಬಕ್ಕೆ ಒರಗಿ ನಿಂತಳು. ಒಳಗೆ ಅತ್ತೆ ಪಾತ್ರೆ ಸದ್ದು ಮಾಡುತ್ತಿದ್ದರು. ಊರಿನ ಸುದ್ದಿ, ಶಾಲೆಯ ಸುದ್ದಿ ಆದ ಮೇಲೆ ಸರ್ ಎಲ್ಲ ಮನೆಗಳಲ್ಲಿ ಕೇಳಿದ ಹಾಗೇ ಕೇಳಿದರು.

“ನೀ ಎಂದಾರ ಬಿಸೀಚ್ ಅಂತ ಅರ್ಜಿ ಬರದಿದ್ದೇನವ್ವ?”

“ಬರದೀನ್ರಿ ಸರ್.”

“ರಜಾಕ್ಕ?”

“ರಜಾಕ್ಕಲ್ರಿ, ವರ್ಗಾವಣಿಗೆ. ಸಿರುಗುಪ್ಪದ ಆಚೀಕ ಹಾಕಿದ್ರಲ್ರಿ ನನ್ನ. ಮೊದಲು ಕನ್ನಡದಾಗ ಕೊಟ್ಟೆ, ಉತ್ತರ ಬರಲಿಲ್ಲ. ಮತ್ತೊಂದು ಕೊಟ್ಟೆ, ಅದಕ್ಕೂ ಇಲ್ಲ. ಆಮ್ಯಾಲ ನಿಮ್ಮ ಮಾತು ನೆಪ್ಪಾತು, ಇಂಗ್ಲಿಷಿನ ಅರ್ಜಿ ಟೇಬಲ್ ಮ್ಯಾಲ ಉಳೀತೈತಿ ಅಂತ.”

ಸರ್ ಕುರ್ಚಿಯ ತುದಿಗೆ ಬಂದರು. “ಏನಂತ ಬರದಿದ್ದಿ?”

“ಎಲ್ಲಾ ನೆಪ್ಪಿಲ್ರಿ. ಕಡೀಕ ಬಿಸೀಚ್ ಅಂತ ಎರಡು ಸಲ ಬರದೆ. ಒಂದು ಸಲ ಬರದ್ರ ಸಾಲವಲ್ದು ಅನ್ನಿಸ್ತು.”

ನಾನು ಚಾಪೆಯ ಅಂಚಿನ ಕಡ್ಡಿ ಕೀಳುತ್ತಾ ಕೂತೆ. ಇಷ್ಟು ದಿನ ಮನೆಮನೆಯಲ್ಲಿ ನಕ್ಕು, ಚಹಾ ಕುಡಿದು, ಬದನೆಕಾಯಿ ಹೊತ್ತುಕೊಂಡು ಬಂದದ್ದೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಸರ್ ನಿಧಾನವಾಗಿ, ಯಾವುದನ್ನೂ ಬಿಡದೆ, ಹೊಸಪೇಟೆಯಲ್ಲಿ ನಡೆದದ್ದನ್ನು ಹೇಳಿದರು. ಇಡೀ ರೂಮು ನಕ್ಕಿತು ಎಂದಾಗ ಅವಳು, “ನಗಲಿ ಬಿಡ್ರಿ, ಅವರಿಗೇನು ಗೊತ್ತು,” ಎಂದಳು.

“ನಾನೂ ನಕ್ಕೆನವ್ವ.”

ಅವಳು ಕಂಬ ಬಿಟ್ಟು ನೆಟ್ಟಗೆ ನಿಂತಳು. “ಅದು ನಂದು ಅಂತ ಗೊತ್ತಿತ್ತೇನ್ರಿ?”

“ನಿಂದು ಅಂತ ಗೊತ್ತಿದ್ದಿಲ್ಲ. ನನ್ನ ಕೈಯಾಗ ಓದಿದವರದು ಅಂತ ಗೊತ್ತಿತ್ತು.”

ಒಳಗಿನ ಪಾತ್ರೆಯ ಸದ್ದು ನಿಂತಿತು. ಅತ್ತೆಯೂ ಕೇಳಿಸಿಕೊಳ್ಳುತ್ತಿದ್ದರು ಎಂದು ಕಾಣುತ್ತದೆ.

“ಆ ಪದ ತಪ್ಪವ್ವ,” ಎಂದರು ಸರ್. “ಆಫೀಸಿಗೆ ಬರಿಯೋ ಮಾತಲ್ಲ ಅದು. ಯಾವ ಗತೀನೂ ಇಲ್ಲದವರು ದೇವರ ಮುಂದ ಅಳೋ ಮಾತು. ನಾ ತಿಳೀದ ಕಲಿಸಿದೆ.”

ಅವಳಲ್ಲಿ ಸಿಟ್ಟು ಇರಲಿಲ್ಲ. ಪಾಠ ಒಪ್ಪಿಸುವಾಗ ಇರುತ್ತಿದ್ದ ಮುಖವೇ ಇತ್ತು.

“ಹಂಗಾರ ನಾ ಸರಿಯಾಗೇ ಬರದಿದ್ದೆನಲ್ರಿ,” ಎಂದಳು.

ಅಷ್ಟರಲ್ಲಿ ಒಳಗಿನಿಂದ ಐದು ವರ್ಷದ ಒಂದು ಹುಡುಗಿ, ಎಣ್ಣೆ ಹಚ್ಚಿ ಎರಡು ಜಡೆ ಹಾಕಿದ್ದು, ಹೊಸಿಲ ಮೇಲೆ ಬಂದು ನಿಂತಿತು.

“ಟೀಚರ, ಇವರು ಚಾ ಕುಡೀತಾರೇನು ಕೇಳು ಅಂದ್ಲು ಅವ್ವ.”

ಸರ್‌ಗೆ ಉಸಿರು ಬಂದ ಹಾಗಾಯಿತು. ಮಾತು ಬೇರೆ ಕಡೆ ತಿರುಗಲಿ ಎಂದೋ ಏನೋ, “ನಿನ್ನ ಸಾಲಿ ಹುಡುಗೀನ? ಆದಿತ್ಯವಾರನೂ ಬಿಡಂಗಿಲ್ಲ ನೋಡು ನಿನ್ನ,” ಎಂದರು.

“ನನ್ನ ಮಗಳ್ರಿ ಸರ್,” ಎಂದಳು ಅವಳು. “ಹಾಲು ಬಿಡಿಸಿದ ಮ್ಯಾಲ ಇಲ್ಲೇ ಬಿಟ್ಟು ಹೋಗಿದ್ದೆ. ಇದಕ್ಕ ಆಗಾಗ ಮೂರ್ಛಿ ಬರತಿತ್ತು. ಅಲ್ಲಿ ನಾ ಸಾಲಿಗೆ ಹೋದ್ರ ಹಿಡಕಳ್ಳೋರು ಇದ್ದಿಲ್ಲ. ನಮ್ಮತ್ತೀನ ಸಾಕಿದ್ಲು. ನಾ ರಜಾಕ್ಕ ಬಂದಾಗ ಓಣಿ ಮಂದಿ ಟೀಚರ ಬಂದ್ಲು, ಟೀಚರ ಬಂದ್ಲು ಅನ್ನೋರು. ಇದೂ ಅದನ್ನ ಕಲೀತು. ಅರ್ಜಿ ಇದರ ಸಲುವಾಗಿ ಬರದದ್ದು. ಹೋದ ವರ್ಷ ವರ್ಗಾ ಆತು, ಈಗ ಮೂರ್ಛಿನೂ ನಿಂತೈತಿ. ಅತ್ತಿಗೆ ಅವ್ವ ಅಂತೈತಿ, ನನಗ ಟೀಚರ ಅಂತೈತಿ. ಹೇಳಿ ಕೊಟ್ಟು ನೋಡಿದ್ವಿ. ರೂಢಿ ಆಗಿಬಿಟ್ಟೈತ್ರಿ.”

ಇದನ್ನು ಅವಳು ಯಾರನ್ನೂ ಚುಚ್ಚಲೆಂದು ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು, ಅಷ್ಟೇ. ಸರ್ ಕುರ್ಚಿಯಿಂದ ಎದ್ದರು. ಹೊರಡುತ್ತಾರೆ ಎಂದುಕೊಂಡು ನಾನು ಚೀಲ ಎತ್ತಿಕೊಂಡೆ. ಅವರು ಹೊರಡಲಿಲ್ಲ. ಅವಳ ಮುಂದೆ, ಕೈಗಳೆರಡನ್ನೂ ಮುಂದೆ ಕಟ್ಟಿಕೊಂಡು, ತಲೆ ತಗ್ಗಿಸಿ, ಲೆಕ್ಕ ತಪ್ಪಿದ ಹುಡುಗ ನಿಲ್ಲುವ ಹಾಗೆ ನಿಂತುಬಿಟ್ಟರು.

“ಕುಂದರ್ರಿ ಸರ್,” ಎಂದಳು ಅವಳು.

ಅವರು ಕೂರಲಿಲ್ಲ.

“ಸರ್, ಕುಂದರ್ರಿ. ಚಾ ತರತಾರ.”

ಅವರು ಕೂರಲಿಲ್ಲ. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆಗ ಆ ಹುಡುಗಿ ಹೊಸಿಲು ದಾಟಿ ಬಂದು ಸರ್ ಅಂಗಿಯ ಚುಂಗು ಹಿಡಿದು ಕುರ್ಚಿಯ ಕಡೆಗೆ ಜಗ್ಗಿತು.

“ಕುಂದ್ರಜ್ಜ,” ಎಂದಿತು. “ಟೀಚರ ಹೇಳಿದ ಮ್ಯಾಲ ಕುಂದ್ರಬೇಕು.”

ಸರ್ ಕೂತರು. ಅಲ್ಲಿದ್ದ ಮೂವರು ಟೀಚರುಗಳಲ್ಲಿ ಒಬ್ಬರಿಗೂ ತಲೆ ಎತ್ತಿ ಆ ಮಗುವಿನ ಮುಖ ನೋಡಲು ಆಗಲಿಲ್ಲ.